ಕೆಂಪರಾಜ್ ಮಾಗಿಸಿದ ವಿಸ್ಕಿ

ನಮ್ಮ ಮನೆಯವರು ಕೆಂಪರಾಜ್ ಬಡಗಿ. ಹಲಸೂರಿನಲ್ಲಿ ಹುಟ್ಟಿ ಹಲಸೂರಿನಲ್ಲೇ ಬಾಳಿದರು. ಮೂವತ್ತು ವರ್ಷ ಊರವರ ಮನೆಗೆಲ್ಲ ಬಾಗಿಲು ಕೂಡಿಸಿದರು. ನಮ್ಮ ಬಚ್ಚಲ ಬಾಗಿಲನ್ನು ಈಗಲೂ ಎತ್ತಿ ಹಾಕಬೇಕು. ಮಕ್ಕಳಾಗಲಿಲ್ಲ. ಮನೆಯಲ್ಲಿ ಇದ್ದವರು ನಾವಿಬ್ಬರೇ.

ದಿನಾ ಕುಡಿಯುವ ಮನುಷ್ಯ ಅಲ್ಲ. ಭಾನುವಾರ ಕೋಳಿ ಸಾರಿನ ಜೊತೆ ಎರಡು ಪೆಗ್ಗು, ಅಷ್ಟೇ. ಆದರೆ ಫೋನಿನಲ್ಲಿ ಯಾವುದೋ ದೇಶದವರು ಮರದ ಪೀಪಾಯಿ ಮಾಡಿ ಅದರಲ್ಲಿ ವಿಸ್ಕಿ ಮಾಗಿಸುವುದನ್ನು ನೋಡಿದರು. ಆಮೇಲೆ ಊಟ ಮಾಡುವಾಗಲೂ ಅದೇ ಮಾತು. ಬೆನ್ಸನ್ ಟೌನಿನಲ್ಲಿ ಹಳೆ ಬಂಗಲೆ ಕೆಡವುವಾಗ ಓಕ್ ಮರದ ಬೀರು ಸಿಕ್ಕಿತು. ಅದನ್ನು ಸೀಳಿ, ಪಾಲಿಶ್ ಹೋಗುವಂತೆ ಉಜ್ಜಿ, ಹಲಗೆ ಬಗ್ಗಿಸಿ ಪೀಪಾಯಿ ಮಾಡಿದರು. ಸೋರಿತು. ಇನ್ನೊಂದು ಮಾಡಿದರು. ಅದೂ ಸೋರಿತು. ಮೂರನೆಯದಕ್ಕೆ ಶಿವಾಜಿನಗರದ ಸನಾವುಲ್ಲಾ ಬಂದು ಕಬ್ಬಿಣದ ಪಟ್ಟಿ ಹಾಕಿಕೊಟ್ಟರು. ಅವರಿಬ್ಬರೂ ಹಳೆಯ ಸ್ನೇಹಿತರು. ಸನಾವುಲ್ಲಾ ಒಂದು ಹನಿ ಮುಟ್ಟುವವರಲ್ಲ.

"ಕುಡಿಯೋನು ನೀನು, ಬೆವರು ನಂದು" ಎಂದು ಸುತ್ತಿಗೆ ಹಾಕುತ್ತಾ ಬೈದರು.

"ಪಾಪ ಬಂದ್ರೆ ಅರ್ಧ ನಂಗೆ ಕೊಡು ಗುರು" ಎಂದರು ಇವರು.

ಪೀಪಾಯಿಯ ಒಳಗೆ ತೆಂಗಿನ ಚಿಪ್ಪಿನ ಕೆಂಡ ಹಾಕಿ ಸುಟ್ಟರು. ಮಾಳಿಗೆ ಮೇಲೆಲ್ಲಾ ಹೊಗೆ, ಪಕ್ಕದವರ ಹತ್ತಿರ ಬೈಸಿಕೊಂಡವಳು ನಾನು. ನಾಲ್ಕು ದಿನ ನೀರು ತುಂಬಿಟ್ಟು ಮರ ಉಬ್ಬಿಸಿದರು. ಆಮೇಲೆ ಅಂಗಡಿಯಿಂದ ತಂದ ವಿಸ್ಕಿ ಐದು ಲೀಟರ್ ಸುರಿದು, ಬಿರಡೆ ಬಡಿದು, ಮಂಚದ ಕೆಳಗೆ ತಳ್ಳಿದರು. ಮೂರು ವರ್ಷ ಯಾರೂ ರುಚಿ ನೋಡಬಾರದು ಎಂದರು. ತಾವೂ ನೋಡಲಿಲ್ಲ. ಭಾನುವಾರ ಒದ್ದೆ ಬಟ್ಟೆಯಲ್ಲಿ ಒರೆಸಿ, ಕಡಿಮೆಯಾಗಿದ್ದರೆ ಸ್ವಲ್ಪ ತುಂಬುತ್ತಿದ್ದರು.

"ಎಲ್ಲಿಗೆ ಹೋಯ್ತು ರೀ ಅದು?"

"ಮರ ಒಂದಿಷ್ಟು ಕುಡಿಯುತ್ತೆ ಕಣೇ."

"ಮರ ಕುಡೀತೋ, ಬಡಗಿ ಕುಡಿದ್ನೋ?"

ನಗುತ್ತಿದ್ದರು. ಬಿರಡೆ ತೆಗೆದಾಗ ಮೂಸಿ ನೋಡು ಎಂದು ಕರೆಯುತ್ತಿದ್ದರು. ಥೂ ಎನ್ನುತ್ತಿದ್ದೆ. ಒಂದು ಸಲವೂ ಹೋಗಲಿಲ್ಲ.

ಮೂರು ವರ್ಷ ತುಂಬಲು ಎಂಟು ತಿಂಗಳು ಇರುವಾಗ, ಇಂದಿರಾನಗರದಲ್ಲಿ ಯಾರದೋ ಮನೆಗೆ ಕಪಾಟು ಕೂಡಿಸುತ್ತಾ ಕುಸಿದುಬಿದ್ದರು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಮುಗಿದಿತ್ತು.

ಸೂತಕ ಕಳೆಯುವ ದಿನ ನೆಂಟರ ಹೆಂಗಸರು ಮನೆಯ ಸಾಮಾನೆಲ್ಲ ಹೊರಗೆ ಹಾಕಿ ತೊಳೆದರು. ಪೀಪಾಯಿಯೂ ಅವುಗಳ ಜೊತೆ ಮಾಳಿಗೆಯ ಬಿಸಿಲಿಗೆ ಹೋಯಿತು. ಮಿಕ್ಕಿದ್ದೆಲ್ಲ ಕೆಳಗೆ ಬಂತು. ಅದನ್ನು ಮಾತ್ರ ನಾನು ತರಲಿಲ್ಲ. ಮಂಚದ ಕೆಳಗೆ ಅದನ್ನು ಇಟ್ಟುಕೊಂಡು ಮೇಲೆ ಒಬ್ಬಳೇ ಮಲಗಲು ಆಗುತ್ತಿರಲಿಲ್ಲ. ಬಿರಡೆ ಬಿಗಿಯಾಗಿದೆ, ಒಳಗಿನದು ಒಳಗೇ ಇರುತ್ತದೆ ಅಂದುಕೊಂಡೆ. ಉಪ್ಪಿನಕಾಯಿ ಜಾಡಿಯನ್ನೂ ಬಿಸಿಲಿಗೆ ಇಡುತ್ತೇವಲ್ಲ. ಎರಡು ಬೇಸಿಗೆ ಹಾಗೇ ಕಳೆಯಿತು.

ನಮ್ಮಲ್ಲಿ ವರ್ಷ ತುಂಬಿದ ಮೇಲೆ, ಪಿತೃಪಕ್ಷದಲ್ಲಿ ಹೋದವರಿಗೆ ಎಡೆ ಇಡುತ್ತೇವೆ. ಅವರಿಗೆ ಏನು ಇಷ್ಟವೋ ಅದೆಲ್ಲ ಇಡಬೇಕು. ಮಾಂಸ, ಮುದ್ದೆ, ಬೀಡಿ, ಹೆಂಡ. ಇವರಿಗೆ ಇದು ಮೊದಲ ಎಡೆ. ತಾವು ಮಾಗಿಸಿ ತಾವೇ ಬಾಯಿಗೆ ಹಾಕದೆ ಹೋದದ್ದನ್ನು ಇಡಬೇಕು ಎಂದು ನನ್ನ ಮನಸ್ಸಿನಲ್ಲಿತ್ತು. ಅದಿಲ್ಲದೆ ಎಡೆ ಇಟ್ಟರೂ ಒಂದೇ, ಬಿಟ್ಟರೂ ಒಂದೇ.

ಹಿಂದಿನ ದಿನ ಮಾಳಿಗೆಗೆ ಹೋಗಿ ಎತ್ತಿದೆ. ಒಂದೇ ಕೈಗೆ ಬಂತು. ಕೂತುಬಿಟ್ಟೆ. ಆಮೇಲೆ ಸನಾವುಲ್ಲಾ ಅವರಿಗೆ ಫೋನ್ ಮಾಡಿದೆ. ಅವರು ಬಂದು ಹಲಗೆಗಳ ಸಂದಿಗೆ ಉಗುರು ತೂರಿಸಿ ನೋಡಿದರು.

"ಪಟ್ಟಿ ಸರಿ ಇದೆ ಭಾಬಿ. ಮರ ಒಣಗಿ ಬಾಯಿ ಬಿಟ್ಟಿದೆ. ಬಿಸಿಲಲ್ಲಿ ಯಾಕೆ ಇಟ್ರಿ?"

"ನಂಗೆ ಗೊತ್ತಿರಲಿಲ್ಲ ಅಣ್ಣ."

"ಅವನಾದ್ರೂ ಹೇಳ್ಬೇಕಿತ್ತು" ಎಂದು ಮುಖ ಆ ಕಡೆ ತಿರುಗಿಸಿಕೊಂಡರು.

ಇಬ್ಬರೂ ಸೇರಿ ಬಗ್ಗಿಸಿ ಹಿಡಿದೆವು. ಹನಿ ಹನಿಯಾಗಿ ಬಿತ್ತು. ಬಟ್ಟೆಯಲ್ಲಿ ಸೋಸಿದೆ. ಅರ್ಧ ಲೋಟ. ಬಣ್ಣ ಬೆಲ್ಲದ ಪಾಕದಂತೆ.

ಮರುದಿನ ರಾಮಮೂರ್ತಿ ನಗರದಿಂದ ನನ್ನ ಗಂಡನ ಅಕ್ಕ ಮುನಿಲಕ್ಷ್ಮಮ್ಮ, ಅವರ ಗಂಡ ದೊಡ್ಡಮುನಿಯಪ್ಪ ಬಂದರು. ಅಂಗಡಿ ಬಾಟ್ಲು ತಂದಿದ್ದರು.

"ಅದೇನೇ ಆ ಕಷಾಯ? ನನ್ ತಮ್ಮನಿಗೆ ಒಳ್ಳೇದು ಇಡು" ಎಂದರು ಅಕ್ಕ.

"ಎರಡೂ ಇಡ್ತೀನಿ ಅಕ್ಕ."

ಎಲೆಯ ಮುಂದೆ ಎರಡು ಲೋಟ ಇಟ್ಟೆ. ದೀಪ ಹಚ್ಚಿ, ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಹೊರಗೆ ಕೂತೆವು. ಹೋದವರು ಬಂದು ಉಣ್ಣುವಾಗ ಯಾರೂ ನೋಡಬಾರದು. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತಟ್ಟಿ ಒಳಗೆ ಹೋದೆವು. ಎಡೆಯದನ್ನು ಮನೆಯವರು ತಿನ್ನಬೇಕು. ದೊಡ್ಡಮುನಿಯಪ್ಪ ಕೈ ಚಾಚಿದ್ದು ನೇರವಾಗಿ ನಮ್ಮವರು ಮಾಗಿಸಿದ್ದರ ಲೋಟಕ್ಕೆ. ನಾನು ಮೊದಲೇ ತೆಗೆದುಕೊಂಡು ಕುಡಿದುಬಿಟ್ಟೆ. ಪೂರ್ತಿ.

"ಅಯ್ಯೋ ನಿನ್ನ! ಒಂದು ಗುಟುಕು ಬಿಡಬಾರದಿತ್ತೇನಮ್ಮ?" ಎಂದರು ಅವರು.

ಗಂಟಲು ಸುಟ್ಟಿತು. ಕೆಮ್ಮಿದೆ. ಅದು ಒಳ್ಳೆಯದೋ ಕೆಟ್ಟದ್ದೋ ನನಗೆ ತಿಳಿಯಲಿಲ್ಲ. ಹುಟ್ಟಿದಾಗಿನಿಂದ ಬೇರೆ ಯಾವುದನ್ನೂ ಕುಡಿದವಳಲ್ಲ, ಯಾವುದಕ್ಕೆ ಹೋಲಿಸಲಿ? ಅದಕ್ಕೆ ಅಂಗಡಿಯದನ್ನೂ ಎತ್ತಿ ಒಂದು ಗುಟುಕು ಕುಡಿದೆ.

"ಏ, ಸಾಕು ಕೆಳಗಿಡೇ!" ಎಂದು ಅಕ್ಕ ಲೋಟ ಕಿತ್ತುಕೊಂಡರು.

ಅಂಗಡಿಯದು ಬರೀ ಉರಿ. ಇವರದು ಉರಿದು, ಆಮೇಲೆ ನಾಲಿಗೆ ಮೇಲೆ ಸಿಹಿಯಾಗಿ ತುಂಬ ಹೊತ್ತು ಇತ್ತು.

"ಅಕ್ಕ, ಅವರದ್ದೇ ಚೆನ್ನಾಗಿದೆ" ಎಂದೆ.

"ಏರಿದೆ ಇವಳಿಗೆ" ಎಂದು ದೊಡ್ಡಮುನಿಯಪ್ಪ ನಕ್ಕರು. ಅಕ್ಕನೂ ನಕ್ಕರು. ಆಮೇಲೆ ಎಲ್ಲರೂ ಊಟಕ್ಕೆ ಕೂತೆವು. ಇವರ ವಿಸ್ಕಿಯ ರುಚಿ ಕಂಡವಳು ನಾನೊಬ್ಬಳೇ. ನಾನು ಹೇಳಿದ್ದನ್ನು ಹೌದು ಎನ್ನುವವರು ಯಾರೂ ಇಲ್ಲ.