ಖಾಲಾನ ಮೇಲೆ ಬರೆದ ಕಾಮಿಕ್ಸ್

ವಿನೋಬನಗರದ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವ ನಿಖತ್‌ಳ ಕೈ ಸುಮ್ಮನಿರುತ್ತಿರಲಿಲ್ಲ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಒಂದು ಹಾಳೆ ಮಡಚಿ, ನಡುವೆ ಕತ್ತರಿ ಆಡಿಸಿ, ಅಂಗೈಯಗಲದ ಕಾಮಿಕ್ಸ್ ಪುಸ್ತಕ ಮಾಡುತ್ತಿದ್ದಳು. ಪುಟಕ್ಕೊಂದು ಚಿತ್ರ, ತಲೆಯ ಮೇಲೆ ಮಾತು. ಹಾಳೆ ಬಿಡಿಸಿ ಜೆರಾಕ್ಸ್ ಹೊಡೆದರೆ ಬೇಕಾದಷ್ಟು ಪ್ರತಿ. ಆಟೋದವರು, ಬೀದಿನಾಯಿ, ಮಾಲೀಕ ರುದ್ರಮುನಿಯ ಮೀಸೆ ಎಲ್ಲವೂ ಅದರಲ್ಲಿ ಬಂದುಹೋದವು. ಆಮೇಲೆ ಖಾಲಾನ ಸರದಿ.

ಖಾಲಾ ಅಂದರೆ ಖತೀಜಾಬೀ, ತಾಯಿಯ ತಂಗಿ, ನಿಖತ್‌ಳನ್ನು ಸಾಕಿದವಳು. ಸೀರೆಗೆ ಅವಳು ಕಟ್ಟುವ ಕುಚ್ಚಿಗಾಗಿ ಹರಿಹರದಿಂದಲೂ ಜನ ಬರುತ್ತಿದ್ದರು. ಈಚೆಗೆ ಕಿವಿ ಮಂದವಾಗಿತ್ತು. “ಕುಚ್ಚು ಕಟ್ತೀರೇನ್ರಿ?” ಅಂದರೆ “ಯಾರಿಗ್ರಿ ಹುಚ್ಚು?” ಅಂತ ಸಿಟ್ಟಾಗುವಳು. “ನಮ್ದು ಹರಿಹರ” ಅಂದರೆ “ಎಲ್ಲಿ ಹರಿದೈತೆ, ತೋರಿಸ್ರಿ” ಅಂತ ಸೆರಗು ಹಿಡಿಯುವಳು. ನಿಖತ್ ಇವನ್ನೆಲ್ಲ ಬರೆದಳು. ಕೊನೆಯ ಪುಟ ಖಾಲಿ ಉಳಿಯಿತು. ಅದಕ್ಕೆ ತಾನೇ ಒಂದು ಪ್ರಸಂಗ ಹುಟ್ಟಿಸಿದಳು. ಹರಿಹರದ ಹೆಂಗಸೊಬ್ಬಳು ಅಳುತ್ತ “ನಮ್ಮತ್ತೆ ಸತ್ರು” ಅನ್ನುತ್ತಾಳೆ. ಖಾಲಾ ಹಲ್ಲು ಕಿರಿದು, “ಬಸ್ ಹತ್ತಿದ್ರಾ? ಸೀಟು ಸಿಕ್ತಾ?” ಅನ್ನುತ್ತಾಳೆ.

ಜನ ಬಿದ್ದು ಬಿದ್ದು ನಕ್ಕಿದ್ದು ಅದಕ್ಕೇ. ಪ್ರತಿಗಳು ಕೈಯಿಂದ ಕೈಗೆ ದಾಟಿ ಹರಿಹರದವರೆಗೂ ಹೋದವು.

ಒಂದು ಮಧ್ಯಾಹ್ನ ಹರಿಹರದ ಹಳೇ ಗಿರಾಕಿ ದ್ರಾಕ್ಷಾಯಣಮ್ಮ ಬಂದು, ಕುಚ್ಚಿಗೆ ಕೊಟ್ಟಿದ್ದ ಸೀರೆಗಳನ್ನು ಹಾಗೇ ವಾಪಸು ತಗೊಂಡರು. ಪುಸ್ತಕವನ್ನು ಖಾಲಾನ ಮುಂದೆ ಇಟ್ಟು, “ನಮ್ಮತ್ತೆ ಸತ್ತಿದ್ದು ನಿಮಗೆ ನಗೋ ವಿಷಯ ಆತೇನ್ರಿ?” ಎಂದು ಹೊರಟೇಬಿಟ್ಟರು.

ಖಾಲಾಗೆ ಕನ್ನಡ ಓದಲು ಬಾರದು. ಆದರೆ ಚಿತ್ರದ ಮೂಗುಬೊಟ್ಟು, ದಪ್ಪ ಕನ್ನಡಕ ಯಾರವು ಅಂತ ಗೊತ್ತಾಯಿತು. ಸಂಜೆ ನಿಖತ್ ಮನೆಗೆ ಬಂದ ಕೂಡಲೇ “ಓದು” ಅಂದಳು.

ನಿಖತ್ ಮೆಲ್ಲಗೆ ಓದಿದಳು.

“ಕೇಳಿಸಂಗಿಲ್ಲ. ಜೋರಾಗಿ ಓದು.”

ಕೂಗಿ ಓದಿದಳು. ಪಕ್ಕದ ಮನೆಯ ನೂರ್ಜಹಾನ್ ಬಾಗಿಲಿಗೆ ಬಂದು ನಿಂತಳು. ಅಂಗಡಿಯಲ್ಲಿ ನಗು ತರಿಸಿದ ಮಾತುಗಳು ಇಲ್ಲಿ ಬೈಗುಳದ ಹಾಗೆ ಕೇಳಿಸಿದವು. ಹುಚ್ಚಿನ ಮಾತಿಗೆ ಖಾಲಾ ತಲೆಯಾಡಿಸಿದಳು. ಹರಿಹರದ ಮಾತಿಗೂ ತಲೆಯಾಡಿಸಿದಳು. ಕೊನೆಯದಕ್ಕೆ ಬಂದಾಗ ನಿಖತ್ ಪುಟ ಮಗುಚಲು ತಡಮಾಡಿದಳು. ಆದರೂ ಕೂಗಿದಳು.

“ಇದು ನಾನಂದಿಲ್ಲ,” ಅಂದಳು ಖಾಲಾ. “ಉಳಿದದ್ದು ನಂದೇ, ಇರ್ಲಿ. ಆಕಿ ಬಂದ ದಿನ ನಂಗೇನೂ ಕೇಳಿಸ್ಲಿಲ್ಲ, ಖರೆ. ಮುಖ ನೋಡಿದ್ರೆ ಗೊತ್ತಾಗಲ್ಲೇನು? ಕೈ ಹಿಡ್ಕಂಡು ಕೂತಿದ್ದೆ. ನೀನೇ ಚಾ ತಂದುಕೊಟ್ಟಿ.”

ನಿಖತ್‌ಗೆ ಅದು ನೆನಪಿತ್ತು. ಚಿತ್ರ ಬರೆಯುವಾಗಲೂ ನೆನಪಿತ್ತು. ಅದೇ ಅವಳನ್ನು ಚುಚ್ಚಿದ್ದು.

ಮರುದಿನ ಹರಿಹರಕ್ಕೆ ಹೋಗಿ, ದ್ರಾಕ್ಷಾಯಣಮ್ಮನ ಬಾಗಿಲಲ್ಲಿ ನಿಂತೇ ಹೇಳಿದಳು: “ಅದು ಖಾಲಾನ ಮಾತಲ್ರಿ. ನಾನೇ ಕಟ್ಟಿದ್ದು.”

“ನನ್ನ ಮುಂದೆ ಅತ್ತು, ಹಿಂದೆ ನಿನ್ನ ಕೂಡ ನಕ್ಕಾಳೆ ಅಂದ್ಕಂಡಿದ್ದೆ,” ಅಂದರು ಅವರು. “ಆಕಿನ್ನ ಏನೇನೋ ಅಂದುಬಿಟ್ನಲ್ಲವ್ವ.”

ಆ ವಾರವೇ ಅವರು ಸೀರೆಗಳ ಜೊತೆ ಖಾಲಾನ ಹತ್ತಿರ ಬಂದರು. ಇಬ್ಬರೂ ಮೊದಲಿನಂತಾದರು. ನಿಖತ್ ಓಣಿ ಓಣಿ ತಿರುಗಿ, ಸಿಕ್ಕಷ್ಟು ಪುಸ್ತಕ ವಾಪಸು ತಂದು ಹರಿದಳು. ಎಲ್ಲವೂ ಸಿಗಲಿಲ್ಲ.

ಈಗ ಹೊಸ ಗಿರಾಕಿ ಏನಾದರೂ ಕೇಳಿದರೆ ಖಾಲಾ ಬಾಯಿ ತೆರೆಯುವುದಿಲ್ಲ, ನಿಖತ್‌ಳ ಮುಖ ನೋಡುತ್ತಾಳೆ. ನಿಖತ್ ಕಿವಿಯ ಹತ್ತಿರ ಕೂಗಿ ಹೇಳಿದ ಮೇಲೆ ಉತ್ತರ ಕೊಡುತ್ತಾಳೆ.

“ಪುಸ್ತಕ ಮಾಡೋದು ಯಾಕ ಬಿಟ್ಟಿ?” ಎಂದು ಒಮ್ಮೆ ಅವಳೇ ಕೇಳಿದಳು. “ಮಾಡು. ಅದ್ರಾಗೆ ನಾನು ಮಾತ್ರ ಬ್ಯಾಡ.”