ಇಬ್ಬರು ಮಹಾದೇವಿಯರು, ಒಂದೇ ಕಡತ

ದಾಖಲೆಯಲ್ಲಿ ತೀರಿಕೊಂಡಿದ್ದ ಹುಡುಗಿ ಹಿತ್ತಾಳೆ ಚೊಂಬಿನಲ್ಲಿ ನನಗೆ ನೀರು ತಂದುಕೊಟ್ಟಳು. ಕೊಡಂಬಲದ ಒಂದು ತಗಡಿನ ಮನೆಯ ಮುಂದೆ ಕೂತಿದ್ದೆ. ಚೊಂಬು ಹಿತ್ತಾಳೆಯದೋ ಸ್ಟೀಲಿನದೋ, ಈಗ ಖಚಿತವಿಲ್ಲ. ನೀರು ಕುಡಿದೆನೇ ಎಂಬುದೂ ನೆನಪಿಲ್ಲ. “ಯಾಕ್ರಿ ಮೇಡಂ, ಹಂಗ ನೋಡಾಕತ್ತೀರಿ?” ಎಂದು ಅವಳು ಕೇಳಿದ್ದು ಮಾತ್ರ ನಿಜ, ಅದನ್ನು ಅಂದೇ ಬರೆದಿಟ್ಟುಕೊಂಡಿದ್ದೆ.

ಕೊಳ್ಳೇಗಾಲ ಬಿಟ್ಟು ಹುಮನಾಬಾದಿಗೆ ಬಂದು ಎರಡು ವರ್ಷ ದಾಟಿತು. ಅಷ್ಟು ದೂರ ನಿನಗೇನು ಕೆಲಸ ಎಂದು ಊರಿನಿಂದ ನೀವೆಲ್ಲ ಕೇಳುತ್ತಲೇ ಇರುತ್ತೀರಿ. ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದ ಮಕ್ಕಳ ದಾಖಲೆಗಳು ಈಗ ಕಂಪ್ಯೂಟರಿನಲ್ಲಿರುತ್ತವೆ: ಯಾವ ಔಷಧ ಎಷ್ಟು ಕೊಟ್ಟರು, ಆಮೇಲೆ ಮಗು ಹೇಗೆ ಬೆಳೆಯಿತು. ಬೇರೆ ಬೇರೆ ಆಸ್ಪತ್ರೆಗಳ ಇಂಥ ಕಡತಗಳನ್ನು ಒಟ್ಟಿಗೆ ಓದಿದರೆ ಯಾವ ಔಷಧ ಉಳಿಸುತ್ತದೆ, ಯಾವುದು ವರ್ಷಗಳ ಮೇಲೆ ಹೃದಯವನ್ನು ಕೆಡಿಸುತ್ತದೆ ಎಂದು ಸಂಶೋಧಕರು ತಿಳಿಯಬಹುದು. ಈ ಭಾಗದ ಮಕ್ಕಳ ಕಡತಗಳನ್ನು ಚೊಕ್ಕ ಮಾಡುವುದು ನನ್ನ ಕೆಲಸ. ಗುಣವಾದವರನ್ನು ವರ್ಷಕ್ಕೊಮ್ಮೆ ತಪಾಸಣೆಗೆ ಕರೆಯುವ ಫೋನು ಹೋಗುವುದೂ ಅದೇ ಕಡತಗಳಿಂದ. ಕಚೇರಿ ಎಂಬ ಒಂದು ಕೋಣೆ ಬಸವಕಲ್ಯಾಣದಲ್ಲಿ, ಬಾಡಿಗೆ ಮನೆ ಹುಮನಾಬಾದಿನಲ್ಲಿ.

ಮನೆ ಕೊಟ್ಟ ಶಾಂತಾಬಾಯಿ ಮೊದಲ ದಿನ ನನ್ನ ಮಾತು ಕೇಳಿ ನಕ್ಕಿದ್ದರು. “ನೀವು ಮಾತಾಡ್ತೀರೋ ಹಾಡ್ತೀರೋ? ಕನ್ನಡನೇ ಹೌದಲ್ರಿ ಇದು?” ಕೆಲಸ ಏನೆಂದು ಕೇಳಿ, ಉತ್ತರ ಅರ್ಧಕ್ಕೆ ಬರುವಷ್ಟರಲ್ಲಿ ಕೈ ಎತ್ತಿದರು. “ಆ ಹೆಸರ ಮನಿ ಒಳಗ ತರಬ್ಯಾಡ್ರಿ. ದೊಡ್ಡ ಬ್ಯಾನಿ ಅನ್ರಿ.” ಬ್ಯಾನಿ ಎಂದರೆ ಕಾಯಿಲೆ. ನಮ್ಮ ಕಡೆ ‘ಆಸ್ಪತ್ರೆ’ ಎಂದರೆ ಕಟ್ಟಡ ಕಣ್ಣಿಗೆ ಬರುತ್ತದೆ. ಇಲ್ಲಿಯ ‘ದವಾಖಾನಿ’ಯಲ್ಲಿ ದವಾ, ಅಂದರೆ ಔಷಧ, ಮೊದಲೇ ಇದೆ. ರಾಗಿ ಮುದ್ದೆ ಸಿಗದೆ ಒಂದು ತಿಂಗಳು ಹಸಿದಂತೆಯೇ ಇದ್ದೆ. ಆಮೇಲೆ ಜೋಳದ ರೊಟ್ಟಿಗೆ ಪುಂಡಿಪಲ್ಲೆಯ ಹುಳಿ ಹೊಂದಿತು. ನಾನೇ ಬಡಿದ ರೊಟ್ಟಿ ಹರಿಯದೆ ಹಂಚಿಗೆ ಬಿದ್ದ ದಿನ ಶಾಂತಾಬಾಯಿ ಪಕ್ಕದ ಮನೆಯವರನ್ನು ಕರೆದು ತೋರಿಸಿದರು. ಆ ದಿನಗಳಲ್ಲಿ ನನಗೆ ಈ ಊರು ತಿಳಿಯಿತು ಎಂಬ ಧೈರ್ಯ ಬಂದಿತ್ತು. ತಪ್ಪು ಮಾಡಿದ್ದು ಆ ಧೈರ್ಯದಲ್ಲೇ.

ಕಂಪ್ಯೂಟರು ಎರಡು ಕಡತಗಳನ್ನು ಅಕ್ಕಪಕ್ಕ ಇಟ್ಟು, ಒಂದೇ ಮಗುವಿನದಿರಬಹುದು, ಕೂಡಿಸಲೇ ಎಂದು ಕೇಳಿತು. ಎರಡರಲ್ಲೂ ಹೆಸರು ಮಹಾದೇವಿ. ತಂದೆ ಕಾಶಿನಾಥ, ಊರು ಮನ್ನಾಏಖೇಳ್ಳಿ, ಫೋನ್ ನಂಬರು ಒಂದೇ, ರಕ್ತದ ಕ್ಯಾನ್ಸರೂ ಒಂದೇ. ಹುಟ್ಟಿದ ದಿನ ಜೂನ್ ಒಂದು, ವರ್ಷವೂ ಅದೇ. ನಮ್ಮ ಕಡೆ ಹೆಸರಿನ ಮುಂದೆ ಊರು, ಅಪ್ಪ ಎಂದು ಎರಡು ಅಕ್ಷರ ನಿಂತು ಮನುಷ್ಯರನ್ನು ಬೇರೆ ಮಾಡುತ್ತವೆ. ಇಲ್ಲಿ ಗಲ್ಲಿಗೊಬ್ಬಳು ಮಹಾದೇವಿ ಇದ್ದಾಳೆ. ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರರು ಜೂನ್ ಒಂದು ಎಂದೇ ಬರೆಯುತ್ತಾರೆ. ಇದು ನನಗೆ ಗೊತ್ತಿರಲಿಲ್ಲ ಎನ್ನಲಾರೆ. ನನ್ನ ಅಪ್ಪನ ಹುಟ್ಟುಹಬ್ಬವೂ ಅದೇ ದಿನ. ಆದರೂ ‘ಹೌದು’ ಒತ್ತಿದೆ. ಒಂದು ಕಡತದಲ್ಲಿ ಮರಣ ಎಂದಿತ್ತು. ಕೂಡಿದ ಮೇಲೆ ಎರಡಕ್ಕೂ ಅದೇ ಆಯಿತು. ತಪಾಸಣೆಯ ಫೋನು ನಿಂತಿತು.

ಒಂದು ವರ್ಷ ಕಳೆದ ಮೇಲೆ, ಈ ಮಗುವಿನ ರಕ್ತ ಪರೀಕ್ಷೆ ಸತ್ತ ಮೇಲೂ ಹೇಗೆ ಆಗಿದೆ ಎಂದು ಸಂಶೋಧಕಿಯೊಬ್ಬರು ಕೇಳಿದರು. ನಾನು ಬಸ್ಸು ಹತ್ತಿ ಮನ್ನಾಏಖೇಳ್ಳಿಗೆ ಹೋದೆ. ಹೆದ್ದಾರಿಯ ಪಕ್ಕದ ಪಂಕ್ಚರ್ ಅಂಗಡಿಯಲ್ಲಿ ಕಾಶಿನಾಥ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಿದ್ದರು. ಮಹಾದೇವಿಯ ವಿಷಯ ಮಾತಾಡಬೇಕು ಎಂದೆ.

“ಯಾವ ಮಹಾದೇವಿರಿ?”

ನಾನು ಕೇಳಬೇಕಿದ್ದ ಪ್ರಶ್ನೆ ಅದು.

“ನಂದು ಹೋಗಿ ನಾಕ್ ವರ್ಷ ಆತು. ಇನ್ನೊಬ್ಬಾಕಿ ಕೊಡಂಬಲದಾಗ ಅದಾಳ. ಬರ್ರಿ, ತೋರಸ್ತೀನಿ.”

ಮಗಳು ಹೋದ ಮೇಲೆ ಅದೇ ಬ್ಯಾನಿಯ ಇನ್ನೊಂದು ಮಗುವನ್ನು ದೂರದ ದವಾಖಾನಿಗೆ ಕರೆದೊಯ್ದವರು ಅವರೇ. ದಾರಿ ಗೊತ್ತಿದ್ದವರು ಅವರೊಬ್ಬರು. ಆ ಮಗುವಿನ ತಾಯಿ ನರಸಮ್ಮ ಹೊಲಗೆಲಸದವಳು, ಸಹಿ ಬರುವುದಿಲ್ಲ. ಗಂಡ ಕಬ್ಬು ಕಡಿಯಲು ಹೋಗಿದ್ದ. ತಂದೆ ಎಂದು ಕಾಶಿನಾಥ ತಮ್ಮ ಹೆಸರನ್ನೇ ಬರೆಸಿದ್ದರು, ಊರು, ಫೋನ್ ನಂಬರೂ ತಮ್ಮದೇ.

“ಫೋನ್ ಬರಲಿಲ್ರಿ,” ಎಂದಳು ನರಸಮ್ಮ, ಕೊಡಂಬಲದ ಆ ತಗಡಿನ ಮನೆಯ ಮುಂದೆ. “ಬ್ಯಾನಿ ಪೂರಾ ಹೋತು, ಅದಕ್ಕ ಕರೀವಲ್ರು ಅಂದ್ಕೊಂಡ್ವಿ. ಖುಷಿನೇ ಪಟ್ವಿ. ಆದ್ರ ಈಗೀಗ ಸಾಲಿಗಿ ನಡದ್ರೂ ಇಕಿಗಿ ದಮ್ ಹತ್ತತದ.”

“ಏ ಅವ್ವಾ, ಬಿಡ. ಕಬಡ್ಡಿ ಆಡಿದ್ರ ಎಲ್ಲಾರಿಗೂ ಹತ್ತತದ,” ಎಂದಳು ಮಹಾದೇವಿ.

ತಪ್ಪು ನನ್ನದು ಎಂದು ಹೇಳಿದೆ. “ಈಗ ಬಂದೀರಲ್ರಿ,” ಎಂದಳು ನರಸಮ್ಮ. ಅದನ್ನು ಕ್ಷಮೆ ಎಂದು ನಾನು ಓದಿಕೊಳ್ಳುವುದಿಲ್ಲ.

ಕಡತ ಬಿಡಿಸಲು ಕಾಶಿನಾಥರ ಸಹಿ ಬೇಕಿತ್ತು. ಬಸವಕಲ್ಯಾಣದ ಕೋಣೆಯಲ್ಲಿ ಅವರು ಪರದೆಯನ್ನು ಬಹಳ ಹೊತ್ತು ನೋಡಿದರು.

“ಇನ್ನ ಮ್ಯಾಲ ಕೌಂಟರ್‌ನ್ಯಾಗ ಏನಂತ ಕೂಗ್ತಾರ್ರಿ?”

“ಮಹಾದೇವಿ, ತಾಯಿ ನರಸಮ್ಮ.”

“ಮೊದಲ ‘ಮಹಾದೇವಿ, ತಂದೆ ಕಾಶಿನಾಥ’ ಅಂತಿದ್ರು.” ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು. “ಅದೊಂದು ಕಿವಿಗಿ ಬೀಳ್ಲಿ ಅಂತನೇ ನಾ ಹೋಗ್ತಿದ್ದೆರಿ.” ಆಮೇಲೆ ಸಹಿ ಹಾಕಿದರು. “ಈ ಸಲ ನೀವ ಹೋಗ್ರಿ. ಜಲ್ದಿ ಹೋಗ್ರಿ.”

ನರಸಮ್ಮ, ಮಹಾದೇವಿ, ನಾನು ಆ ದೂರದ ದವಾಖಾನಿಗೆ ಹೋದೆವು. ಫಲಿತಾಂಶವನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಗೆ ಇಟ್ಟು ಅದನ್ನು ಕಥೆ ಮಾಡುವುದು ನನಗೆ ಬೇಡ: ಹೃದಯ ದುರ್ಬಲವಾಗಿದೆ, ಗುಳಿಗೆ ಶುರುವಾಗಿದೆ, ಕಬಡ್ಡಿ ಸದ್ಯಕ್ಕಿಲ್ಲ. ಒಂದು ವರ್ಷ ಮೊದಲೇ ಬಂದಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. ವೈದ್ಯರು, ಅದನ್ನೇ ನಿಮ್ಮ ದಾಖಲೆಗಳಿಂದ ತಿಳಿಯಲು ನೋಡುತ್ತಿದ್ದೇವೆ ಎಂದರು.

ಇದಕ್ಕೂ ಮುಂಚೆ, ಬೆಳಿಗ್ಗೆ, ಜೊತೆಗೆ ಬಂದವರ ಅರ್ಜಿ ತುಂಬಿದ್ದೆ. ‘ಮಗುವಿಗೆ ಸಂಬಂಧ’ ಎಂಬಲ್ಲಿ ಪೆನ್ನು ನಿಂತಿತು. ಕಾಶಿನಾಥರ ಸುಳ್ಳನ್ನು ಅಳಿಸಿ ವಾರವಾಗಿರಲಿಲ್ಲ. ‘ಊರಿನವರು’ ಎಂದು ಬರೆದೆ. ಗುಮಾಸ್ತ ನನ್ನ ಆಧಾರ್ ಕಾರ್ಡ್ ನೋಡಿ, ಇದರಲ್ಲಿ ಕೊಳ್ಳೇಗಾಲ ಅಂತಿದೆಯಲ್ಲ ಎಂದ. “ಹೌದ್ರಿ,” ಎಂದೆ. ಎರಡೂ ಊರುಗಳನ್ನು ಒಪ್ಪಿಕೊಂಡಂತಾಯಿತು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೂಗಿದರು: “ಮಹಾದೇವಿ, ತಾಯಿ ನರಸಮ್ಮ.” ಆ ಕೌಂಟರಿನಲ್ಲಿ ತನ್ನ ಹೆಸರನ್ನು ಎಂದೂ ಕೇಳಿರದ ನರಸಮ್ಮ ಚೀಲ ಅಪ್ಪಿಕೊಂಡು ಸುಮ್ಮನೆ ಕೂತೇ ಇದ್ದಳು. ನಾನು ಎದ್ದೆ.

“ತಾಯಿ ನೀವೇನಾ?”

“ಅಲ್ರಿ,” ಎಂದೆ. ಬಗ್ಗಿ ನರಸಮ್ಮನ ಭುಜ ಮುಟ್ಟಿದೆ.