ಬೀಗರು ಬಂದ ದಿನ ಬಚ್ಚಿಟ್ಟ ಪಂಪ್

ಚಿರಂತನ್, ಮಾನಸಾ, ನಿಮ್ಮ ತಾತ ತೀರಿಕೊಂಡ ಮೇಲೆ ನಾನು ಅಜ್ಜಂಪುರದ ಹತ್ತಿರ ನಮ್ಮೂರಲ್ಲೇ ಆಶಾ ಕಾರ್ಯಕರ್ತೆಯಾಗಿ ಸೇರಿದೆ. ಬಾಣಂತಿಯರ ಮನೆಗೆ ಹೋಗಿ ತಾಯಿ, ಮಗುವನ್ನು ನೋಡಿ ಬರುವುದು ನನ್ನ ಕೆಲಸವಾಗಿತ್ತು. ಜನರೆದುರು ಮಾತಾಡಲು ನನಗೆ ಮೊದಲಿನಿಂದಲೂ ಸಂಕೋಚ. ಜೋರಾಗಿ ಮಾತಾಡಿದ್ದು ಒಮ್ಮೆ ಮಾತ್ರ, ಕೊರೊನಾ ಕಳೆದ ಮರುವರ್ಷ.

ನಮ್ಮೂರ ಸುಧಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಅವಳಿಗೆ ಚಿಕ್ಕಂದಿನಿಂದ ಅಸ್ತಮಾ. ಈ ಕಾಯಿಲೆ ಎಲ್ಲರಲ್ಲೂ ಒಂದೇ ಥರ ಇರುವುದಿಲ್ಲ. ಕೆಲವರಿಗೆ ರಾಗಿ ಒಕ್ಕುವ ದೂಳಿಗೆ ಮಾತ್ರ ಬರುತ್ತದೆ, ಕೆಲವರಿಗೆ ಚಳಿಗಾಲದಲ್ಲಿ ಒಂದಿಷ್ಟು ಕೆಮ್ಮಿಸಿ ಹೋಗುತ್ತದೆ. ಸುಧಾಳದು ಜೋರಿನದು. ಹೊಗೆ ಆಗದು, ದಿನವೂ ಪಂಪ್, ಅಂದರೆ ಇನ್ಹೇಲರ್ ಬೇಕು. ಮದುವೆ ಮಾತುಕತೆಯಲ್ಲಿ ಅವಳ ತಾಯಿ ಗೌರಮ್ಮ ಇದನ್ನು ಹೇಳಿರಲಿಲ್ಲ. ಗಂಡನ ಮನೆಯಲ್ಲಿ ಅವಳು ಬಚ್ಚಲಿಗೆ ಹೋಗಿ ಪಂಪ್ ಎಳೆದುಕೊಳ್ಳುತ್ತಿದ್ದಳಂತೆ.

ಅಂದು ಲಿಂಗದಹಳ್ಳಿಯಿಂದ ಅವಳ ಅತ್ತೆ, ಗಂಡ ಮಗು ನೋಡಲು ಬಂದಿದ್ದರು. ನಾನು ಹೋದಾಗ ಕೋಣೆಯ ಕಿಟಕಿ ಮುಚ್ಚಿ, ಕೆಂಡಕ್ಕೆ ಸಾಂಬ್ರಾಣಿ ಹಾಕಿ ತಾಯಿಗೂ ಮಗುವಿಗೂ ಹೊಗೆ ಕೊಡುತ್ತಿದ್ದರು. ಬೀಗರೆದುರು ಬೇಡವೆಂದರೆ ಗೌರಮ್ಮ ಕಾರಣ ಹೇಳಬೇಕಾಗುತ್ತಿತ್ತು. ಸುಧಾ ಮಂಚದ ಅಂಚು ಹಿಡಿದು ಕೂತಿದ್ದಳು, ಎದೆ ಸುಯ್‌ಗುಡುತ್ತಿತ್ತು.

"ಶೀತ ಆಗೈತೆ ಕಣ್ರೀ, ಅಷ್ಟೇ," ಅಂದರು ಗೌರಮ್ಮ.

"ಏನ್ ಬಾಣಂತನ ಮಾಡ್ತಿದೀರೋ ಬೀಗಿತ್ತಿ, ತಲೆ ಕೂಡ ಒರ್ಸಿಲ್ವಾ?" ಅತ್ತೆ ಚುಚ್ಚಿದರು.

ನಾನು ಕಿಟಕಿ ತೆಗೆದು ಕೆಂಡ ಹೊರಗಿಟ್ಟೆ. ಅಷ್ಟರಲ್ಲಿ ಸುಯ್‌ಗುಡುವುದು ನಿಂತಿತು.

"ನೋಡ್ರೀ, ಇಳೀತು," ಎಂದರು ಅತ್ತೆ.

ಇಳಿದಿರಲಿಲ್ಲ. ಶಬ್ದ ಬರುತ್ತಿದ್ದರೆ ಗಾಳಿ ಸ್ವಲ್ಪವಾದರೂ ಓಡಾಡುತ್ತಿದೆ ಎಂದರ್ಥ. ಅಷ್ಟು ಕಷ್ಟಪಟ್ಟು ಉಸಿರೆಳೆದರೂ ಶಬ್ದವಿಲ್ಲವೆಂದರೆ ಗಾಳಿಯೇ ಹೋಗುತ್ತಿಲ್ಲ. ಸುಧಾಳ ತುಟಿ ನೀಲಿಗಟ್ಟಿತ್ತು.

"ಗೌರಕ್ಕ, ಪಂಪ್ ಎಲ್ಲೈತೆ?"

"ಯಾವ ಪಂಪ್? ನಮ್ಮನೇಲಿ ಯಾರಿಗೂ ಗೂರಲು ರೋಗ ಇಲ್ಲ ಕಣೇ!"

"ಮಗಳು ಸಾಯ್ತಾಳೆ ಕಣಕ್ಕ! ಎಲ್ಲಿಟ್ಟಿದೀಯ ಹೇಳು!"

ಗೌರಮ್ಮ ಅಕ್ಕಿ ಡಬ್ಬದ ಕಡೆ ಕೈ ತೋರಿಸಿದರು. ಅಳಿಯನೇ ಅಕ್ಕಿ ಬಗೆದು ತಂದ. ತರೀಕೆರೆ ಆಸ್ಪತ್ರೆ ಮುಟ್ಟುವವರೆಗೂ ಬೀಗರು ಬಂದಿದ್ದ ಕಾರಿನಲ್ಲಿ ನಾನು ಬಿಟ್ಟು ಬಿಟ್ಟು ಪಂಪ್ ಒತ್ತುತ್ತಲೇ ಇದ್ದೆ. ಅಲ್ಲಿ ಆಕ್ಸಿಜನ್ ಕೊಟ್ಟರು, ನೆಬ್ಯುಲೈಸರ್ ಹಾಕಿದರು. ಸುಧಾ ಬದುಕಿದಳು.

ಬೀಗರು ಅವಳನ್ನು ಮತ್ತೆ ಕರೆಯಲಿಲ್ಲ. ಮಗುವಿನ ನಾಮಕರಣಕ್ಕೂ ಬರಲಿಲ್ಲ. ಗೌರಮ್ಮ ಒಮ್ಮೆ ನಲ್ಲಿಯ ಹತ್ತಿರ ಎಲ್ಲರೆದುರೇ ನನಗೆ ಹೇಳಿದರು: "ನೀನು ಬಾಯ್ಬಿಡದಿದ್ರೆ ನನ್ ಮಗ್ಳು ಗಂಡನ ಮನೇಲಿರ್ತಿದ್ಲು."

ಬಿಂದಿಗೆ ಹಿಡಿದಿದ್ದ ಸುಧಾ, "ಇರ್ತಿದ್ದೆ ಕಣವ್ವ. ಗೋಡೆ ಮೇಲೆ, ಹಾರ ಹಾಕಿಸ್ಕೊಂಡು," ಅಂದಳು.

ಅಸ್ತಮಾ ಎಷ್ಟು ಥರ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಬೀಗರು ಬಂದ ದಿನ ಅದು ಎಷ್ಟು ಜೋರಾಗುತ್ತದೆ ಎಂಬುದನ್ನು ಆ ಮನೆಯಲ್ಲಿ ಕಲಿತೆ. ಈ ಹಾಳೆಗಳನ್ನು ಜೋಪಾನವಾಗಿಡಿ ಮಕ್ಕಳೇ. ನಿಮ್ಮ ಮದುವೆಯ ಮಾತು ಬಂದಾಗ ತೆಗೆದು ಓದಿ. ಕಾಯಿಲೆ ಇದ್ದರೆ ಹೇಳಿ, ಇದೆಯೇ ಎಂದು ಕೇಳಿ. ಇದೆ ಎಂದು ಹೇಳಿದರೆ ಎದ್ದು ಬರಬೇಡಿ.